ಡ್ಯಾನ್ಯೂಬ್ ದಂಡೆಯ ಖಾನಾವಳಿ

ಮಾನವಕುಲ ಅತ್ಯಂತ ಸುಖದಿಂದ ಬಾಳಿದ ಕಾಲ ಯಾವುದು ಎಂಬ ಪ್ರಶ್ನೆಗೆ ಯಾವ ಅಳುಕೂ ಇಲ್ಲದೆ ಉತ್ತರ ಕೊಟ್ಟ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್. ರೋಮ್ ಸಾಮ್ರಾಜ್ಯದ ಅವನತಿ, ಪತನಗಳನ್ನು ಕುರಿತ ಅವನ ಮಹಾಗ್ರಂಥದ ಮೊದಲ ಸಂಪುಟ ಹೊರಬಂದದ್ದು 1776ರಲ್ಲಿ. ಕ್ರಿ.ಶ. 96ರಲ್ಲಿ ಡೊಮಿಷಿಯನ್ ಸತ್ತಂದಿನಿಂದ 180ರಲ್ಲಿ ಕೊಮೊಡಸ್ ಪಟ್ಟವೇರಿದಂದಿನವರೆಗಿನ ಎಂಬತ್ತನಾಲ್ಕು ವರ್ಷಗಳೇ ಆ ಸುಖದ ಕಾಲವೆಂದು ಅವನ ತೀರ್ಪು. ನೆರ್ವ, ಟ್ರಾಜನ್, ಹೇಡ್ರಿಯನ್, ಆಂಟನೈನಸ್ ಪಯಸ್, ಮಾರ್ಕಸ್ ಆರೀಲಿಯಸ್ ಎಂಬ ಐವರು ಒಬ್ಬರಾದ ಮೇಲೊಬ್ಬರು ಆಳಿದ ಕಾಲ ಅದು. ಐವರಲ್ಲಿ ಕೊನೆಯವನಂತೂ ತತ್ತ್ವಜ್ಞಾನಿ. ರಾಜರ್ಷಿ ಎಂಬ ಮಾತಿಗೆ ಯುರೋಪಿನಲ್ಲಿ ಉದಾಹರಣೆ ಹುಡುಕುವವರು ಮೊದಲು ಬೆರಳು ಮಾಡುವುದು ಅವನ ಕಡೆಗೇ.

ಗಿಬ್ಬನ್ ಇದನ್ನು ಬರೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ಚಕ್ರವರ್ತಿಗಳ ನಡೆನುಡಿ, ನ್ಯಾಯಪಾಲನೆ, ಸೆನೆಟ್ಟಿನ ಮರ್ಯಾದೆ, ಗಡಿಗಳ ಭದ್ರತೆ. ಅಡುಗೆಮನೆಯ ಹೊಗೆ ಅವನ ಕಣ್ಣಿಗೆ ತಾಗಿದಂತಿಲ್ಲ. ಅದು ಅವನೊಬ್ಬನದೇ ದೋಷವೆಂದು ನಾನು ಹೇಳಲಾರೆ. ಅವನಿಗೆ ಆಧಾರವಾದ ಗ್ರಂಥಗಳನ್ನು ಬರೆದವರೂ ಅಡುಗೆಮನೆಗೆ ಕಾಲಿಟ್ಟವರಲ್ಲ. ಆದರೆ ತೀರ್ಪು ಮಾನವಕುಲದ್ದೆಂದು ಹೇಳಿದ ಮೇಲೆ, ಸಾಕ್ಷಿಗಳ ಪಟ್ಟಿಯಲ್ಲಿ ನೀರು ಹೊರುವವಳ ಹೆಸರೂ ಇರಬೇಕಲ್ಲವೆ? ಆಕೆಯ ಹೇಳಿಕೆಯನ್ನು ಪಡೆಯುವುದು ಹೇಗೆ?

ಇದಕ್ಕೆ ವೈಜ್ಞಾನಿಕ ಕಥೆಗಾರರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ನಮ್ಮ ಕಾಲದವರೊಬ್ಬರನ್ನು ಎತ್ತಿ ಆ ಕಾಲದೊಳಕ್ಕೆ ಇಳಿಸಿಬಿಡುವುದು. ಈ ಉಪಾಯ ಗಿಬ್ಬನ್ನನ ಸುವರ್ಣಯುಗದ ನಟ್ಟನಡುವೆ ಪ್ರಯೋಗಗೊಂಡ ಒಂದು ಕಾದಂಬರಿಯನ್ನೂ, ಅದರ ರಂಗಭೂಮಿಯಾದ ಪನೋನಿಯ ಎಂಬ ರೋಮನ್ ಪ್ರಾಂತ್ಯವನ್ನೂ ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ. ಕಾದಂಬರಿಯ ಹೆಸರು ‘ಹೌಸ್‌ಹೋಲ್ಡ್ ಗಾಡ್ಸ್’, ಮನೆದೇವರುಗಳು ಎನ್ನಬಹುದು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಗ್ರಂಥವನ್ನು ಜೂಡಿತ್ ಟಾರ್ ಮತ್ತು ಹ್ಯಾರಿ ಟರ್ಟಲ್‌ಡವ್ ಎಂಬಿಬ್ಬರು ಕೂಡಿ ಬರೆದರು. ಇಬ್ಬರೂ ಇತಿಹಾಸದಲ್ಲಿ ಪಾಂಡಿತ್ಯ ಗಳಿಸಿದವರೇ. ಆಕೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮಧ್ಯಯುಗದ ಅಧ್ಯಯನಕ್ಕಾಗಿ ಡಾಕ್ಟರೇಟ್ ಪಡೆದವರು. ಆತ ಬೈಜಾಂಟಿಯಮ್ಮಿನ ಇತಿಹಾಸದಲ್ಲಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯದಿಂದ 1977ರಲ್ಲಿ.

ಈ ಬಗೆಯ ಕಥೆಗೆ ಒಂದು ವಂಶಾವಳಿ ಉಂಟು. ಎಚ್. ಜಿ. ವೆಲ್ಸ್ 1895ರಲ್ಲಿ ಕಾಲಯಂತ್ರವನ್ನು ಹೂಡಿದಾಗ ಅದು ಹೋದದ್ದು ಭವಿಷ್ಯಕ್ಕೆ. ಹಿಂದಕ್ಕೆ ಹೋಗುವ ದಾರಿಯನ್ನು ಅದಕ್ಕೂ ಮೊದಲೇ, 1889ರಲ್ಲಿ, ಮಾರ್ಕ್ ಟ್ವೇನ್ ತೆರೆದಿದ್ದ. ಬಂದೂಕಿನ ಕಾರ್ಖಾನೆಯ ಮೇಸ್ತ್ರಿಯೊಬ್ಬ ತಲೆಗೆ ಪೆಟ್ಟು ತಿಂದು ಮೂರ್ಛೆಹೋಗಿ, ಎಚ್ಚೆತ್ತಾಗ ಆರನೆಯ ಶತಮಾನದ ಆರ್ಥರ್ ದೊರೆಯ ನಾಡಿನಲ್ಲಿರುತ್ತಾನೆ. ಸೂರ್ಯಗ್ರಹಣದ ದಿನ ಅವನಿಗೆ ಮೊದಲೇ ತಿಳಿದಿತ್ತಾದ್ದರಿಂದ ಜೀವ ಉಳಿಯುತ್ತದೆ. ಆಮೇಲೆ ಆ ನಾಡಿಗೆಲ್ಲ ಅವನೇ ಯಜಮಾನ. ಅರ್ಧ ಶತಮಾನ ಕಳೆದ ಮೇಲೆ, 1939ರಲ್ಲಿ, ಸ್ಪ್ರೇಗ್ ಡಿ ಕ್ಯಾಂಪ್ ‘ಲೆಸ್ಟ್ ಡಾರ್ಕ್‌ನೆಸ್ ಫಾಲ್’ ಎಂಬ ಕಥೆ ಬರೆದ. ಅದರ ನಾಯಕ ಮಾರ್ಟಿನ್ ಪ್ಯಾಡ್ವೇ ಪ್ರಾಕ್ತನಶಾಸ್ತ್ರಜ್ಞ. ರೋಮ್ ನಗರದಲ್ಲಿ ಸಿಡಿಲಿಗೆ ಸಿಕ್ಕಿ ಕ್ರಿ.ಶ. 535ಕ್ಕೆ ಬೀಳುತ್ತಾನೆ. ಮದ್ಯವನ್ನು ಭಟ್ಟಿಯಿಳಿಸಿ ಮಾರುತ್ತಾನೆ, ಲೇವಾದೇವಿಗಾರನಿಗೆ ಸೊನ್ನೆಯ ಲೆಕ್ಕವನ್ನೂ ಜಮಾಖರ್ಚಿನ ಹೊಸ ಪದ್ಧತಿಯನ್ನೂ ಕಲಿಸುತ್ತಾನೆ, ಅಚ್ಚುಕೂಟ ಹೂಡುತ್ತಾನೆ, ಕೊನೆಗೆ ಯುರೋಪಿಗೆ ಕತ್ತಲಯುಗವೇ ಬಾರದಂತೆ ತಡೆದುಬಿಡುತ್ತಾನೆ. ಟರ್ಟಲ್‌ಡವ್ ಹುಡುಗನಾಗಿದ್ದಾಗ ಈ ಪುಸ್ತಕವನ್ನೋದಿ, ಇದರಲ್ಲಿ ನಿಜವೆಷ್ಟು ಎಂದು ಹುಡುಕುತ್ತ ಹೋಗಿಯೇ ಬೈಜಾಂಟಿಯಮ್ಮಿನ ಇತಿಹಾಸಕಾರನಾದದ್ದಂತೆ.

ಇವು ಸೊಗಸಾದ ಕಥೆಗಳು. ಆದರೂ ಓದುವಾಗಲೆಲ್ಲ ನನಗೊಂದು ಸಂಶಯ ಬರುತ್ತದೆ. ನಮ್ಮಲ್ಲಿ ಎಷ್ಟು ಮಂದಿಗೆ ಭಟ್ಟಿಯಿಳಿಸಲು ಬರುತ್ತದೆ? ಸಾವಿರದ ಐನೂರು ವರ್ಷಗಳ ಹಿಂದಿನ ಗ್ರಹಣದ ದಿನವನ್ನು ಬಾಯಲ್ಲಿಟ್ಟುಕೊಂಡು ತಿರುಗುವವರು ಯಾರು? ನಾವು ವಿದ್ಯುದ್ದೀಪವನ್ನು ಹಚ್ಚಬಲ್ಲೆವೇ ಹೊರತು ಮಾಡಬಲ್ಲವರಲ್ಲ. ಅಲ್ಲದೆ ಈ ವೀರರೆಲ್ಲ ನೆಟ್ಟಗೆ ರಾಜಧಾನಿಗೋ ರಾಜಸಭೆಗೋ ಹೋಗಿ ಇಳಿಯುತ್ತಾರೆ. ಅಲ್ಲಿಂದ ನೋಡಿದರೆ ಇತಿಹಾಸವೆಂಬುದು ಕೈಯಿಟ್ಟು ತಿರುಗಿಸಬಹುದಾದ ಚಕ್ರದಂತೆ ಕಾಣುತ್ತದೆ. ಪ್ರಾಂತ್ಯದಲ್ಲಿ ಇಳಿದವನಿಗೆ ಆ ಭ್ರಮೆ ಹುಟ್ಟುವಂತಿಲ್ಲ. ಸುಂಕ ಏರಿತೆಂಬ ಸುದ್ದಿ ಅಲ್ಲಿಗೆ ಬರುತ್ತದೆ, ಏರಿಸಿದವನು ಕಾಣುವುದಿಲ್ಲ. ದಂಡು ಬರುತ್ತದೆ, ಯಾಕೆ ಬಂತೆಂದು ಯಾರೂ ಹೇಳುವುದಿಲ್ಲ.

ಪ್ರಾಂತ್ಯಗಳಿಗೆ ಹೋದ ಕಾಲಯಾತ್ರಿಕರು ಬೇರೆಯೂ ಇದ್ದಾರೆ. ಎಲ್ಲರಿಗಿಂತ ಹೆಚ್ಚು ಎಳೆತ ಜುಡೇಯ ಪ್ರಾಂತ್ಯದ್ದು. ಪಾಂಟಿಯಸ್ ಪೈಲೇಟನ ಕಾಲದ ಆ ನೆಲವನ್ನು ಕಣ್ಣಾರೆ ನೋಡುವ ಹಂಬಲ ಯಾವ ಕ್ರೈಸ್ತ ದೇಶದ ಲೇಖಕನಿಗೆ ತಾನೇ ಇರಲಾರದು? ಮೈಕೇಲ್ ಮೂರ್‌ಕಾಕ್ 1966ರಲ್ಲಿ ಬರೆದ ‘ಬಿಹೋಲ್ಡ್ ದ ಮ್ಯಾನ್’ ಅಂಥದು. ಅದು ಇತಿಹಾಸಕ್ಕಿಂತ ಮಿಗಿಲಾಗಿ ಶ್ರದ್ಧೆಯ ಪ್ರಶ್ನೆಯಾದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಪೋಲ್ ಆಂಡರ್ಸನ್ 1991ರಲ್ಲಿ ಪ್ರಕಟಿಸಿದ ‘ಸ್ಟಾರ್ ಆಫ್ ದ ಸೀ’. ಕ್ರಿ.ಶ. 69–70ರಲ್ಲಿ ರೈನ್ ನದಿಯ ಮುಖದಲ್ಲಿದ್ದ ಬಟಾವಿಯನ್ನರು ರೋಮಿನ ಮೇಲೆ ದಂಗೆಯೆದ್ದರು. ವೆಲೇಡ ಎಂಬ ಕನ್ಯೆ ಗೋಪುರದಲ್ಲಿ ಕುಳಿತು ಅವರಿಗೆ ಭವಿಷ್ಯ ನುಡಿಯುತ್ತಿದ್ದಳು. ಈ ದಂಗೆಯ ವೃತ್ತಾಂತ ನಮಗೆ ದೊರೆಯುವುದು ಟ್ಯಾಸಿಟಸ್ಸನ ಇತಿಹಾಸದಲ್ಲಿ. ದಂಗೆಯ ನಾಯಕ ಸಿವಿಲಿಸ್, ನಡುವೆ ಕಡಿದುಹಾಕಿದ ಸೇತುವೆಯ ಒಂದು ತುದಿಯಲ್ಲಿ ನಿಂತು ರೋಮನ್ ಸೇನಾಪತಿಯೊಡನೆ ಮಾತನಾಡುತ್ತಿರುವಾಗ, ಮಾತಿನ ನಡುವೆಯೇ ಹಸ್ತಪ್ರತಿ ನಿಂತುಹೋಗುತ್ತದೆ. ಮುಂದಿನದು ಕಾಲದ ಪಾಲಾಗಿದೆ. ಇತಿಹಾಸ ತುಂಡಾದ ಆ ಸೇತುವೆಯ ಮೇಲೆಯೇ ಆಂಡರ್ಸನ್ ತನ್ನ ಕಥೆಯನ್ನು ಹೂಡುತ್ತಾನೆ. ಹಳೆಯ ಹಸ್ತಪ್ರತಿಗಳ ಅಂಚನ್ನು ಗೆದ್ದಲು ತಿಂದಿರುವುದನ್ನು ಕಂಡವರಿಗೆ ಆ ಸಂಕಟ ಏನೆಂಬುದು ಗೊತ್ತು.

ಇನ್ನು ಪನೋನಿಯಕ್ಕೆ ಬರೋಣ. ಡ್ಯಾನ್ಯೂಬ್ ನದಿಯ ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬಿದ್ದ ಈ ನಾಡು ಅಗಸ್ಟಸ್ಸನ ಕಾಲದಲ್ಲಿ ರೋಮಿಗೆ ಸೇರಿತು. ಕ್ರಿ.ಶ. 6ರಿಂದ 9ರವರೆಗೆ ಭಾರಿ ದಂಗೆಯೆದ್ದು ಅಡಗಿತು. ಟ್ರಾಜನ್ ಅದನ್ನು ಮೇಲು ಪನೋನಿಯ, ಕೆಳ ಪನೋನಿಯ ಎಂದು ಎರಡು ಮಾಡಿದ. ಮೇಲು ಪನೋನಿಯದ ಮುಖ್ಯಪಟ್ಟಣ ಕಾರ್ನುಂಟಮ್. ಇಂದಿನ ವಿಯೆನ್ನದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನದಿಯ ಬಲದಂಡೆಯ ಮೇಲೆ. ನದಿಯ ಆಚೆ ದಡದಲ್ಲಿ ರೋಮ್ ಇಲ್ಲ. ಮಾರ್ಕೊಮನ್ನರು, ಕ್ವಾಡರು ಮೊದಲಾದ ಜರ್ಮನ್ ಬುಡಕಟ್ಟುಗಳ ನೆಲ. ಬಾಲ್ಟಿಕ್ ಸಮುದ್ರದ ದಂಡೆಯಿಂದ ಅಂಬರ್ ಎಂಬ ಹೊನ್ನಬಣ್ಣದ ಗಟ್ಟಿರಾಳವನ್ನು ಹೊತ್ತ ವರ್ತಕರು ಇಲ್ಲಿಯೇ ನದಿ ದಾಟಿ ಇಟಲಿಯ ಅಕ್ವಿಲೇಯಕ್ಕೆ ಹೋಗುತ್ತಿದ್ದರು. ಎರಡನೆಯ ಶತಮಾನದಲ್ಲಿ ಹದಿನಾಲ್ಕನೆಯ ಲೀಜನ್ ಇಲ್ಲಿ ಬೀಡುಬಿಟ್ಟಿತ್ತು. ದಂಡಿನ ಪಾಳೆಯಕ್ಕೆ ಒಂದು, ಊರಿಗೆ ಒಂದು ಎಂದು ಎರಡು ಬಯಲು ಅಖಾಡಗಳಿದ್ದವು. ದಂಡಿದ್ದಲ್ಲಿ ಅಂಗಡಿ, ಅಂಗಡಿಯಿದ್ದಲ್ಲಿ ಊರು. ಏಳಿಗೆಯ ದಿನಗಳಲ್ಲಿ ಇಲ್ಲಿ ಐವತ್ತು ಸಾವಿರದಷ್ಟು ಜನರಿದ್ದರೆಂದು ಅಂದಾಜು.

ಈ ಜನರ ಕುರಿತು ನಮಗೆ ಹೇಳುವವು ಹೆಚ್ಚಾಗಿ ಸಮಾಧಿಶಿಲೆಗಳು. ಇಲ್ಲಿ ದೊರೆತ ಒಂದು ಶಿಲೆ ಟೈಟಸ್ ಕ್ಯಾಲಿಡಿಯಸ್ ಸೆವೆರಸ್ ಎಂಬುವನದು. ಕುದುರೆಸವಾರನಾಗಿ ಸೇರಿ, ಮೆಟ್ಟಲು ಮೆಟ್ಟಲಾಗಿ ಮೇಲೇರಿ, ಹದಿನೈದನೆಯ ಲೀಜನ್ನಿನಲ್ಲಿ ಸೆಂಚೂರಿಯನ್ ಆದವನು. ಐವತ್ತೆಂಟು ವರ್ಷ ಬದುಕಿ ಅದರಲ್ಲಿ ಮೂವತ್ತನಾಲ್ಕನ್ನು ದಂಡಿನಲ್ಲಿ ಕಳೆದವನು. ಸಹೋದರ ಕ್ವಿಂಟಸ್ ಕಲ್ಲು ನಿಲ್ಲಿಸಿದ್ದಾನೆ. ಅದರ ಮೇಲೆ ಶಿರಸ್ತ್ರಾಣ, ಕವಚ, ಕಾಲಿನ ಕಾಪು, ಕುದುರೆ, ಎಲ್ಲವನ್ನೂ ಕಡೆದಿದ್ದಾರೆ. ವೀರಗಲ್ಲುಗಳ ನಾಡಿನವರಾದ ನಮಗೆ ಈ ಬಗೆಯ ಕಲ್ಲಿನ ಮುಂದೆ ನಿಂತಾಗ ಏನನ್ನಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಕಲ್ಲು ಕಡೆಸಲು ಹಣ ಬೇಕು. ಸೆವೆರಸ್ಸನ ರೊಟ್ಟಿ ಸುಟ್ಟವಳು, ಅವನ ಅಂಗಿ ಒಗೆದವಳು ಕಲ್ಲಿನ ಮೇಲೆ ಬರುವುದಿಲ್ಲ. ಟಾರ್ ಮತ್ತು ಟರ್ಟಲ್‌ಡವ್ ಈ ಹೆಸರನ್ನು ತಮ್ಮ ಕಾದಂಬರಿಯಲ್ಲಿ ಬಟ್ಟೆಗೆ ಬಣ್ಣ ಹಾಕಿ ಹದಮಾಡುವ ಒಬ್ಬನಿಗೆ ಕೊಟ್ಟು, ಅವನ ನೆರೆಯಲ್ಲೇ ಕಲ್ಲಿನ ಮೇಲೆ ಬಾರದವಳೊಬ್ಬಳನ್ನು ನಿಲ್ಲಿಸಿದ್ದಾರೆ. ಉಮ್ಮ ಎಂದು ಅವಳ ಹೆಸರು. ವಿಧವೆ, ಎರಡು ಮಕ್ಕಳ ತಾಯಿ, ಒಂದು ಖಾನಾವಳಿಯ ಒಡತಿ. ಅದು ಊಟದ ಮನೆಯೂ ಹೌದು, ಹೆಂಡದಂಗಡಿಯೂ ಹೌದು.

ಕಾಲಯಾತ್ರಿಕಳು ಉಮ್ಮ ಅಲ್ಲ; ಇಪ್ಪತ್ತನೆಯ ಶತಮಾನದ ಕೊನೆಯ ಲಾಸ್ ಏಂಜಲಿಸ್‌ನ ನಿಕೋಲ್ ಎಂಬ ವಕೀಲೆ. ಗಂಡ ಬಿಟ್ಟುಹೋಗಿದ್ದಾನೆ, ಎರಡು ಚಿಕ್ಕ ಮಕ್ಕಳು, ಕಚೇರಿಯಲ್ಲಿ ತನಗೆ ಬರಬೇಕಾದ ಬಡತಿ ಇನ್ನೊಬ್ಬನ ಪಾಲಾಗಿದೆ. ಬೇಸತ್ತ ಒಂದು ರಾತ್ರಿ, ಮದುವೆಯಾದ ಹೊಸತರಲ್ಲಿ ಕಾರ್ನುಂಟಮ್ಮಿನ ಅವಶೇಷಗಳನ್ನು ನೋಡಲು ಹೋದಾಗ ತಂದ ಲೀಬರ್, ಲೀಬೆರ ಎಂಬ ದೇವದಂಪತಿಗಳ ಪುಟ್ಟ ಫಲಕವನ್ನು ನೋಡಿ, ಬದುಕು ಸರಳವಾಗಿದ್ದ, ಗಂಡಸು ಹೆಂಗಸೆಂಬ ಪಕ್ಷಪಾತವಿಲ್ಲದ ಆ ಕಾಲದಲ್ಲಿ ತಾನಿದ್ದಿದ್ದರೆ ಎಂದು ಹಂಬಲಿಸುತ್ತಾಳೆ. ದೇವರುಗಳು ತಥಾಸ್ತು ಎನ್ನುತ್ತಾರೆ. ಬೆಳಗಾದಾಗ ಅವಳು ಎಚ್ಚೆತ್ತದ್ದು ಕ್ರಿ.ಶ. 170ರ ಸುಮಾರಿನ ಕಾರ್ನುಂಟಮ್ಮಿನಲ್ಲಿ, ಉಮ್ಮಳ ಮೈಯೊಳಗೆ. ಯಂತ್ರವಿಲ್ಲದೆ ದೇವರುಗಳು ಕಳುಹಿಸಿದ ಮೇಲೆ ಇದು ವೈಜ್ಞಾನಿಕ ಕಥೆ ಹೇಗಾಯಿತೆಂದು ಆಕ್ಷೇಪಿಸುವವರಿದ್ದಾರೆ. ಟ್ವೇನನ ಮೇಸ್ತ್ರಿ ತಲೆಗೆ ಬಿದ್ದ ಪೆಟ್ಟಿನಿಂದ ಹೋದನಲ್ಲ, ಅದಾವ ವಿಜ್ಞಾನ? ಹೋದ ಬಗೆಗಿಂತ ಹೋದ ಮೇಲೆ ನಡೆಸಿದ ವಿಚಾರಣೆಯ ಬಗೆ ನನಗೆ ಮುಖ್ಯ.

ಭಾಷೆಯ ತೊಡಕನ್ನೂ ದೇವರುಗಳೇ ಬಿಡಿಸಿಬಿಡುತ್ತಾರೆ. ನಿಕೋಲಳ ಬಾಯಲ್ಲಿ ಲ್ಯಾಟಿನ್ ತಾನಾಗಿ ಬರುತ್ತದೆ. ಇಲ್ಲಿ ಲೇಖಕರು ಸುಲಭದ ದಾರಿ ಹಿಡಿದರೆಂದು ನನ್ನ ಭಾವನೆ. ಡಿ ಕ್ಯಾಂಪನ ಪ್ಯಾಡ್ವೇ ಪುಸ್ತಕದಲ್ಲಿ ಕಲಿತ ಲ್ಯಾಟಿನ್ನನ್ನು ಬೀದಿಯಲ್ಲಿ ಆಡಲು ಹೋಗಿ ಪಡುವ ಪಾಡು ಹೆಚ್ಚು ನಂಬುವಂತಿದೆ. ಮಾತಿನ ವಿಷಯ ಬಂದುದರಿಂದ ಒಂದು ಪಕ್ಕದ ಮಾತು. ಇದೇ ಎರಡನೆಯ ಶತಮಾನದ್ದೆನ್ನಲಾದ ಒಂದು ಗ್ರೀಕ್ ಪ್ರಹಸನದ ಹಾಳೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾಯಿತು. ಭಾರತದ ಕಡಲ ತೀರದಲ್ಲಿ ಸಿಕ್ಕಿಕೊಂಡ ಗ್ರೀಕ್ ಹೆಣ್ಣೊಬ್ಬಳ ಕಥೆ ಅದು. ಅದರಲ್ಲಿ ಅಲ್ಲಿನ ರಾಜ ಮತ್ತು ಪರಿವಾರದವರು ಆಡುವ, ಗ್ರೀಕ್ ಅಲ್ಲದ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಸ್ ಎಂಬ ವಿದ್ವಾಂಸ ಮರುವರ್ಷವೇ ಸೂಚಿಸಿದ. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಮಾತುಗಳನ್ನು ಬಿಡಿಸಲು ಶ್ರಮಪಟ್ಟರು. ಒಪ್ಪದವರೂ ಬಹಳ ಮಂದಿ. ಈಜಿಪ್ಟೂ ಆಗ ರೋಮಿನ ಒಂದು ಪ್ರಾಂತ್ಯವೇ. ಲೀಬರ್, ಲೀಬೆರರು ನನ್ನನ್ನೇನಾದರೂ ಕೇಳಿದರೆ ಕಾರ್ನುಂಟಮ್ ಬೇಡ, ಆ ಪ್ರಹಸನವಾಡಿದ ಒಂದು ಸಂಜೆ ಪ್ರೇಕ್ಷಕರ ನಡುವೆ ಒಂದು ಜಾಗ ಕೊಡಿ, ಕಿವಿಗೊಟ್ಟು ಕೇಳಿ ಬಂದುಬಿಡುತ್ತೇನೆ ಎಂದು ಬೇಡಿಕೊಂಡೇನು.

ನಿಕೋಲಳಿಗೆ ಮೊದಲು ಎದುರಾಗುವುದು ಚಕ್ರವರ್ತಿಯೂ ಅಲ್ಲ, ಶತ್ರುವೂ ಅಲ್ಲ, ತಲೆಯ ಹೇನು. ಆಮೇಲೆ ನೀರು. ಅವಳ ತಂದೆ ಕುಡುಕನಾಗಿದ್ದುದರಿಂದ ಮದ್ಯವೆಂದರೆ ಅವಳಿಗೆ ಹೇವರಿಕೆ. ಮಕ್ಕಳಿಗೂ ವೈನ್ ಕೊಡುವುದನ್ನು ಕಂಡು ಬೆಚ್ಚಿ, ಇನ್ನು ಮೇಲೆ ಎಲ್ಲರೂ ನೀರು ಕುಡಿಯಬೇಕೆಂದು ಕಟ್ಟಪ್ಪಣೆ ಮಾಡುತ್ತಾಳೆ. ಫಲ, ಬೇಧಿ. ಹೊಟ್ಟೆ ಕಲಕಿ ಮಲಗಿದ ಮೇಲೆಯೇ ಅವಳಿಗೆ ಹೊಳೆಯುವುದು, ಈ ಜನ ವೈನನ್ನು ಕುಡಿಯುತ್ತಿದ್ದುದು ಚಟಕ್ಕಲ್ಲ, ಜೀವ ಉಳಿಸಿಕೊಳ್ಳಲು ಎಂಬುದು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದು. ಹೊಸ ಕಾಲದ ನೀತಿ ಹಳೆಯ ಕಾಲದಲ್ಲಿ ವಿಷವಾಗುವುದನ್ನು ಇಷ್ಟು ಚಿಕ್ಕ ಸಂಗತಿಯಲ್ಲಿ ತೋರಿಸಿದ ಬೇರೆ ಕಥೆಯನ್ನು ನಾನು ಕಾಣೆ. ಹಾಗೆಂದು ವೈನ್ ನಿರಪಾಯವೂ ಅಲ್ಲ. ದ್ರಾಕ್ಷಿಯ ರಸವನ್ನು ಕುದಿಸಿ ಬತ್ತಿಸಿ ಅದನ್ನು ಸಿಹಿಗಾಗಿ ವೈನಿಗೂ ಅಡುಗೆಗೂ ಬೆರೆಸುತ್ತಿದ್ದರು. ಕುದಿಸುವ ಪಾತ್ರೆ ತಾಮ್ರದ್ದಾಗಿರದೆ ಸೀಸದ್ದಾಗಿರಲಿ ಎಂದು ಕೃಷಿಗ್ರಂಥಕಾರ ಕಾಲುಮೆಲ್ಲನೇ ಹೇಳಿದ್ದಾನೆ. ರಸದ ಹುಳಿಯೊಡನೆ ಸೀಸ ಕರಗಿ ಸೇರುತ್ತಿತ್ತು. ಸೀಸದ ಕೊಳವೆಯ ನೀರು ಒಳ್ಳೆಯದಲ್ಲವೆಂದು ಕ್ರಿಸ್ತಪೂರ್ವದಲ್ಲೇ ವಿಟ್ರೂವಿಯಸ್ ಬರೆದಿಟ್ಟಿದ್ದರೂ ಕೇಳಿದವರಾರು?

ಎರಡನೆಯ ಪೆಟ್ಟು ಇನ್ನೂ ಆಳವಾದದ್ದು. ಉಮ್ಮಳ ಮನೆಯಲ್ಲಿ ಜೂಲಿಯ ಎಂಬ ತೊತ್ತು ಇದ್ದಾಳೆ. ಉಮ್ಮಳೆಂದರೆ ಈಗ ನಿಕೋಲ್. ಅಂದರೆ, ಸಮಾನ ಹಕ್ಕುಗಳ ನಾಡಿನಿಂದ ಬಂದ ವಕೀಲೆ ಮನುಷ್ಯಳೊಬ್ಬಳ ಒಡತಿ! ಈ ಕ್ಷಣವೇ ನೀನು ಸ್ವತಂತ್ರಳು ಎಂದುಬಿಡುವ ಆತುರ ಅವಳದು. ಆದರೆ ರೋಮಿನಲ್ಲಿ ಬಾಯಮಾತಿನಿಂದ ಪೂರ್ಣ ಬಿಡುಗಡೆಯಾಗುವುದಿಲ್ಲ. ಅಧಿಕಾರಿಯ ಮುಂದೆ ವಿಧಿಬದ್ಧವಾಗಿ ಆಗಬೇಕು. ಬಿಡುಗಡೆಯಾಗುವವರ ಬೆಲೆಯಲ್ಲಿ ನೂರಕ್ಕೆ ಐದರಂತೆ ತೆರಿಗೆಯನ್ನೂ ಕಟ್ಟಬೇಕು. ಬಿಡುಗಡೆಯಾದ ಮೇಲೂ ಹಳೆಯ ಒಡೆಯರ ಋಣ ಕಾನೂನಿನ ಪ್ರಕಾರವೇ ಉಳಿಯುತ್ತದೆ. ಗಿಬ್ಬನ್ ಈ ಸುಖಯುಗವನ್ನು ವರ್ಣಿಸುವಾಗ ಗುಲಾಮರನ್ನು ಮರೆತನೆಂದು ಹೇಳುವಂತಿಲ್ಲ. ಅವರ ಸಂಖ್ಯೆ ಸ್ವತಂತ್ರರಷ್ಟೇ ಇದ್ದಿರಬಹುದೆಂದು ಅವನೇ ಊಹಿಸಿದ್ದಾನೆ. ಆದರೂ ತೀರ್ಪು ಕೊಡುವಾಗ ಅವರನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಅರ್ಧ ಜನರನ್ನು ಬಿಟ್ಟು ಮಾನವಕುಲ ಎನ್ನುವುದು ಹೇಗೆ ಸಾಧ್ಯವಾಯಿತೆಂಬುದು ಇಂದಿಗೂ ನನಗೆ ಬಗೆಹರಿಯದ ಪ್ರಶ್ನೆ.

ಮೂರನೆಯದು ಬೇನೆ. ಕ್ರಿ.ಶ. 165–66ರಲ್ಲಿ ಪಾರ್ಥಿಯದ ಯುದ್ಧ ಮುಗಿಸಿ ಟೈಗ್ರಿಸ್ ದಂಡೆಯ ಸೆಲ್ಯೂಸಿಯದಿಂದ ಹಿಂದಿರುಗಿದ ದಂಡು ತನ್ನೊಡನೆ ಒಂದು ಮಹಾಮಾರಿಯನ್ನು ತಂದಿತು. ಮಹಾವೈದ್ಯ ಗೇಲೆನ್ ಜ್ವರ, ಬೇಧಿ, ಮೈಯೆಲ್ಲ ಏಳುವ ಗುಳ್ಳೆಗಳನ್ನು ವರ್ಣಿಸಿದ್ದಾನೆ. ಸಿಡುಬು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ದಡಾರ ಎಂದವರೂ ಉಂಟು. ಕಾದಂಬರಿಯಲ್ಲಿ ಅದು ಕಾರ್ನುಂಟಮ್ಮಿನ ಬೀದಿಗೆ ಬಂದು ಬಾಗಿಲು ಬಾಗಿಲನ್ನೂ ತಟ್ಟುತ್ತದೆ. ಇಲ್ಲಿ ಲೇಖಕರು ಒಂದು ಸೂಕ್ಷ್ಮವನ್ನು ಗಮನಿಸಿದ್ದಾರೆ. ಕಾಲದಲ್ಲಿ ಹಿಂದಕ್ಕೆ ಹೋದದ್ದು ನಿಕೋಲಳ ಮನಸ್ಸು ಮಾತ್ರ. ಚುಚ್ಚುಮದ್ದಿನ ರಕ್ಷೆ ಪಡೆದ ಅವಳ ಮೈ ಲಾಸ್ ಏಂಜಲಿಸ್‌ನಲ್ಲೇ ಉಳಿದಿದೆ. ಉಮ್ಮಳ ಮೈಗೆ ಯಾವ ರಕ್ಷೆಯೂ ಇಲ್ಲ. ರೋಗ ಹೇಗೆ ಹರಡುತ್ತದೆಂದು ಊರಿಗೆಲ್ಲ ಅವಳೊಬ್ಬಳಿಗೇ ಗೊತ್ತು. ಗೊತ್ತಿದ್ದೂ ಮಾಡುವುದಕ್ಕೆ ಏನೂ ಇಲ್ಲ. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ನಮ್ಮ ಹಿರಿಯರ ತೋಳಿನ ಮೇಲಿನ ದುಂಡನೆಯ ಗುರುತನ್ನು ಕಂಡಾಗಲೆಲ್ಲ ನನಗೆ ಈ ಭಾಗ ನೆನಪಾಗುತ್ತದೆ.

ಬೇನೆಯ ಬೆನ್ನಿಗೇ ಯುದ್ಧ. ದಂಡು ರೋಗದಿಂದ ಕರಗಿದ ಸಮಯ ನೋಡಿ ನದಿಯಾಚೆಯವರು ದಾಟಿಬಂದರು. ಆ ಸುಮಾರಿಗೆ ನಡೆದ ಒಂದು ಪ್ರಸಂಗವನ್ನು ಲೂಸಿಯನ್ ಎಂಬ ಗ್ರೀಕ್ ಲೇಖಕ ವ್ಯಂಗ್ಯವಾಗಿ ಬರೆದಿಟ್ಟಿದ್ದಾನೆ. ಅಲೆಕ್ಸಾಂಡರ್ ಎಂಬ ಕಪಟ ಪ್ರವಾದಿಯೊಬ್ಬ, ಎರಡು ಸಿಂಹಗಳನ್ನು ಸುಗಂಧದ್ರವ್ಯಗಳೊಡನೆ ಜೀವಂತವಾಗಿ ಡ್ಯಾನ್ಯೂಬಿಗೆ ಬಿಟ್ಟರೆ ಜಯ ನಿಶ್ಚಯ ಎಂದು ನುಡಿದ. ಬಿಟ್ಟರು. ಸಿಂಹಗಳು ಈಜಿ ಆಚೆ ದಡ ಸೇರಿದವು. ಅಲ್ಲಿಯವರು ಇವಾವುವೋ ಪರದೇಶದ ನಾಯಿಗಳೆಂದು ಬಡಿಗೆಯಿಂದ ಬಡಿದು ಕೊಂದರು. ಅದಾದೊಡನೆಯೇ ರೋಮಿನ ಇಪ್ಪತ್ತು ಸಾವಿರ ಮಂದಿ ನೆಲಕ್ಕುರುಳಿದರೆಂದು ಲೂಸಿಯನ್ ಹೇಳುತ್ತಾನೆ. ಶತ್ರುಗಳು ಆಲ್ಪ್ಸ್ ದಾಟಿ ಅಕ್ವಿಲೇಯದ ಗೋಡೆಯವರೆಗೂ ಹೋದರು. ಕಾದಂಬರಿಯಲ್ಲಿ ಕಾರ್ನುಂಟಮ್ಮೇ ಶತ್ರುವಶವಾಗುತ್ತದೆ. ಹಾಗಾಯಿತೆಂದು ಯಾವ ಪ್ರಾಚೀನ ಗ್ರಂಥವೂ ಸ್ಪಷ್ಟವಾಗಿ ಹೇಳುವುದಿಲ್ಲ. ಅದು ಲೇಖಕರು ವಹಿಸಿದ ಸ್ವಾತಂತ್ರ್ಯ. ಅವರು ಹಾಗೆ ಮಾಡಿದ್ದಕ್ಕೆ ಕಾರಣವುಂಟು. ಊರನ್ನು ಬಿಡಿಸಲು ರೋಮನ್ ದಂಡು ಬಂದಾಗ, ಬಿಡಿಸಲು ಬಂದ ಸೈನಿಕನೊಬ್ಬನಿಂದಲೇ ಉಮ್ಮಳ ಮೈಯೊಳಗಿರುವ ನಿಕೋಲಳ ಮೇಲೆ ಅತ್ಯಾಚಾರ ನಡೆಯುತ್ತದೆ. ನಾಗರಿಕತೆ ನದಿಯ ಈಚೆಗಿದೆ, ಅನಾಗರಿಕತೆ ಆಚೆಗಿದೆ ಎಂಬ ಭೂಪಟ ಅವಳ ಪಾಲಿಗೆ ಅಂದು ಅಳಿಸಿಹೋಗುತ್ತದೆ.

ಈ ಘಟ್ಟದಲ್ಲಿ ಮಾರ್ಕಸ್ ಆರೀಲಿಯಸ್ ರಂಗಕ್ಕೆ ಬರುತ್ತಾನೆ. ಇತಿಹಾಸದಲ್ಲಿಯೂ ಅವನು ಬಂದಿದ್ದ. 171ರ ಸುಮಾರಿನಿಂದ ಕಾರ್ನುಂಟಮ್ಮನ್ನೇ ನೆಲೆಮಾಡಿಕೊಂಡು ಯುದ್ಧ ನಡೆಸಿದ. ಪ್ರಾಂತ್ಯದವರ ಮೇಲೆ ಹೊಸ ತೆರಿಗೆ ಹೇರಲು ಒಲ್ಲದೆ ಅರಮನೆಯ ಹೊನ್ನಿನ ಪಾತ್ರೆಗಳನ್ನೂ ಪತ್ನಿಯ ರೇಷ್ಮೆ ವಸ್ತ್ರಗಳನ್ನೂ ರೋಮಿನಲ್ಲಿ ಬಹಿರಂಗವಾಗಿ ಹರಾಜು ಹಾಕಿಸಿದನೆಂದು ಅವನ ಪ್ರಾಚೀನ ಚರಿತ್ರೆ ಹೇಳುತ್ತದೆ. ದಂಡಿಗೆ ಜನ ಸಾಲದಾಗ ಗುಲಾಮರನ್ನೂ ಅಖಾಡದ ಮಲ್ಲರನ್ನೂ ಸೇರಿಸಿಕೊಂಡ. ಬೆಳ್ಳಿಯ ನಾಣ್ಯಕ್ಕೆ ಬೆರಕೆ ಹೆಚ್ಚಿತು. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ಸನ ಬೆಳ್ಳಿ ನಾಣ್ಯ ಸಿಕ್ಕಿದೆಯಲ್ಲ, ಅದರ ಶುದ್ಧಿ ಮಾರ್ಕಸ್ಸನ ನಾಣ್ಯಕ್ಕಿಲ್ಲ. ಇಷ್ಟೆಲ್ಲದರ ನಡುವೆ ರಾತ್ರಿ ಗುಡಾರದಲ್ಲಿ ದೀಪ ಹಚ್ಚಿ ತನಗೆ ತಾನೇ ಬುದ್ಧಿ ಹೇಳಿಕೊಳ್ಳುವಂತೆ ಗ್ರೀಕಿನಲ್ಲಿ ಬರೆದ ಟಿಪ್ಪಣಿಗಳೇ ಇಂದು ‘ಮೆಡಿಟೇಷನ್ಸ್’ ಎಂದು ಲೋಕಪ್ರಸಿದ್ಧವಾಗಿವೆ. ಅದರ ಒಂದು ಭಾಗಕ್ಕೆ ‘ಕಾರ್ನುಂಟಮ್ಮಿನಲ್ಲಿ’ ಎಂಬ ಒಕ್ಕಣೆಯೇ ಇದೆ. ಎಷ್ಟೋ ಸಲ ಓದಿ ನಾನು ತಲೆಬಾಗಿರುವ ಪುಸ್ತಕ ಅದು.

ಆ ಪುಸ್ತಕವನ್ನು ಬರೆದವನ ಮುಂದೆ ಖಾನಾವಳಿಯ ಒಡತಿ ದೂರು ಹೊತ್ತು ನಿಲ್ಲುತ್ತಾಳೆ. ಅವಳು ಅಳುವುದಿಲ್ಲ, ವಾದಿಸುತ್ತಾಳೆ. ಆ ಸೈನಿಕ ರಾಜ್ಯದ ಸೇವಕ. ಅವನ ಕೈಗೆ ಕತ್ತಿ ಕೊಟ್ಟದ್ದು ರಾಜ್ಯ. ಆದ್ದರಿಂದ ರಾಜ್ಯವೇ ಹೊಣೆ ಎಂದು. ಚಕ್ರವರ್ತಿ ಅವಳನ್ನು ಗದರಿಸುವುದಿಲ್ಲ, ಹೊರದೂಡಿಸುವುದಿಲ್ಲ. ಅತ್ಯಂತ ಸೌಜನ್ಯದಿಂದ, ಒಂದು ಹೊಸ ತರ್ಕವನ್ನು ಕೇಳಿದ ತತ್ತ್ವಜ್ಞಾನಿಯ ಕುತೂಹಲದಿಂದ ಕೇಳುತ್ತಾನೆ. ಹೊಣೆಯನ್ನು ಮಾತ್ರ ಒಪ್ಪುವುದಿಲ್ಲ. ಅವನು ಕೆಟ್ಟವನಾಗಿದ್ದರೆ ಇದಕ್ಕೆ ಅರ್ಥವಿರುತ್ತಿರಲಿಲ್ಲ; ನೀರೋನ ಮುಂದೆ ನಿಲ್ಲಿಸಿದ್ದರೆ ಓದುಗ ನೀರೋನನ್ನು ಬೈದು ಪುಸ್ತಕ ಮುಚ್ಚುತ್ತಿದ್ದ. ನಿಜವಾದ ಮಾರ್ಕಸ್ಸನ ತೀರ್ಪುಗಳು ರೋಮನ್ ಕಾನೂನಿನ ಗ್ರಂಥಗಳಲ್ಲಿ ಉಳಿದುಬಂದಿವೆ. ಗುಲಾಮನ ಬಿಡುಗಡೆ ಸಂಶಯದಲ್ಲಿದ್ದಾಗ ಬಿಡುಗಡೆಯ ಕಡೆಗೇ ತೂಕ ಹಾಕಿದವನು ಅವನು. ಎಲ್ಲ ಮನುಷ್ಯರೂ ಒಂದೇ ಕುಲವೆಂದು ನಂಬಿದವನು. ಆದರೆ ಗುಲಾಮತನವೇ ಇಲ್ಲದ ಒಂದು ಲೋಕ ಅವನ ಕಲ್ಪನೆಗೆ ಬಂದ ಸುಳಿವು ಎಲ್ಲಿಯೂ ಇಲ್ಲ. ಅಷ್ಟು ನಿರ್ಮಲವಾದ ಕಣ್ಣಿಗೂ ಪಕ್ಕದಲ್ಲೇ ದೀಪ ಹಿಡಿದು ನಿಂತವನು ಕಾಣಲಿಲ್ಲ. ಗಿಬ್ಬನ್ನನ ತೀರ್ಪಿಗೆ ಇದಕ್ಕಿಂತ ಗಟ್ಟಿಯಾದ ಪಾಟೀಸವಾಲನ್ನು ನಾನು ಯಾವ ಇತಿಹಾಸಗ್ರಂಥದಲ್ಲೂ ಓದಿಲ್ಲ.

ಪುಸ್ತಕಕ್ಕೆ ದೋಷಗಳಿಲ್ಲವೆಂದಲ್ಲ. ಉದ್ದ ಹೆಚ್ಚು. ನಿಕೋಲಳ ಗೊಣಗಾಟ ಮೊದಲ ನೂರು ಪುಟಗಳಲ್ಲಿ ತಾಳ್ಮೆಯನ್ನು ಪರೀಕ್ಷಿಸುತ್ತದೆ. ರೋಮಿನ ಬಗ್ಗೆ ಒಬ್ಬ ವಕೀಲೆಗೆ ಇಷ್ಟು ಕಡಿಮೆ ಗೊತ್ತಿರಲು ಸಾಧ್ಯವೇ ಎಂದೂ ಅನಿಸುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಇದೆಲ್ಲ ನಮ್ಮ ಕಾಲದ ಬೆನ್ನನ್ನು ನಾವೇ ತಟ್ಟಿಕೊಳ್ಳುವುದಕ್ಕೆ ಹೂಡಿದ ಸಂಚಲ್ಲವೆ ಎಂಬುದು. ಆದರೆ ಉಮ್ಮಳ ನೆರೆಹೊರೆಯವರನ್ನು ಲೇಖಕರು ಕರುಣೆಗೆ ಪಾತ್ರರಾದ ಮೂಢರನ್ನಾಗಿ ಮಾಡಿಲ್ಲ. ಹೇನು, ಬೇಧಿ, ಬೇನೆಗಳ ನಡುವೆಯೂ ಅವರು ನಗುತ್ತಾರೆ, ಸಾಲ ಕೊಡುತ್ತಾರೆ, ಸತ್ತವರಿಗಾಗಿ ಅಳುತ್ತಾರೆ. ನಿಕೋಲಳಿಗೆ ಅಲ್ಲಿ ದೊರೆತ ಸ್ನೇಹ ಲಾಸ್ ಏಂಜಲಿಸ್‌ನಲ್ಲಿ ದೊರೆತಿರಲಿಲ್ಲ. ಅವಳು ಕೊನೆಗೆ ತನ್ನ ಕಾಲಕ್ಕೆ ಮರಳಿದಾಗ, ಬಿಸಿನೀರಿನ ನಲ್ಲಿಯ ಮುಂದೆ ಅವಳಿಗಾಗುವ ಆನಂದ ನಿಜ. ಅಲ್ಲಿ ಬಿಟ್ಟುಬಂದವರು ಆ ಕ್ಷಣದಲ್ಲಿ ಸತ್ತು ಸಾವಿರದ ಎಂಟುನೂರು ವರ್ಷಗಳಾಗಿವೆ ಎಂಬುದೂ ಅಷ್ಟೇ ನಿಜ.

ಕಾರ್ನುಂಟಮ್ ಆಮೇಲೂ ಬಹುಕಾಲ ಬಾಳಿತು. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್‌ನನ್ನು ದಂಡು ಚಕ್ರವರ್ತಿಯೆಂದು ಕೂಗಿದ್ದು ಅಲ್ಲಿಯೇ. 308ರಲ್ಲಿ ಸಾಮ್ರಾಜ್ಯವನ್ನು ಯಾರು ಯಾರು ಹಂಚಿಕೊಳ್ಳಬೇಕೆಂದು ಹಳೆಯ ಹೊಸ ಚಕ್ರವರ್ತಿಗಳು ಸೇರಿ ಮಾತನಾಡಿದ್ದೂ ಅಲ್ಲಿಯೇ. 375ರಲ್ಲಿ ವ್ಯಾಲೆಂಟಿನಿಯನ್ ಬರುವ ಹೊತ್ತಿಗೆ ಅದು ಪಾಳುಬಿದ್ದ ಹೊಲಸು ಊರಾಗಿತ್ತೆಂದು ಅಮಿಯಾನಸ್ ಬರೆಯುತ್ತಾನೆ. ಮೇಲೆ ಹೊಲಗದ್ದೆಗಳೆದ್ದವು. 2011ರಲ್ಲಿ ಪುರಾತತ್ತ್ವಜ್ಞರು ನೆಲವನ್ನು ಅಗೆಯದೆಯೇ, ರೇಡಾರ್ ಕಿರಣಗಳಿಂದ ಶೋಧಿಸಿ, ಆ ಹೊಲಗಳ ಕೆಳಗೆ ಅಖಾಡದ ಮಲ್ಲರನ್ನು ಕೂಡಿಹಾಕಿ ತರಬೇತಿ ಕೊಡುತ್ತಿದ್ದ ಒಂದು ಶಾಲೆಯ ಪೂರ್ಣ ನಕ್ಷೆಯನ್ನು ತೆಗೆದರು. ನಡುವೆ ದುಂಡನೆಯ ಅಂಗಳ, ಅದರ ನಡುವೆ ಕತ್ತಿಯ ಅಭ್ಯಾಸಕ್ಕೆ ನೆಟ್ಟ ಕಂಬದ ಗುರುತು, ಸ್ನಾನದ ಮನೆ, ಸುತ್ತ ಸಾಲಾಗಿ ಕೋಣೆಗಳು. ಒಂದೊಂದು ಕೋಣೆಯ ವಿಸ್ತೀರ್ಣ ಸುಮಾರು ಐದು ಚದರ ಮೀಟರ್.